ಪೌಣೆ ಎರಡು ಬಾಟಲಿ ಕುರಿ

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಮಾತು ಅದಕ್ಕಿಂತ ಒಂದು ಗೇಣು ಮುಂದೆ. ಎದುರಿನವರು ಬಾಯಿ ತೆರೆಯುವುದರೊಳಗೆ ನನ್ನ ಉತ್ತರ ತಯಾರಾಗಿರುತ್ತದೆ. ಇದನ್ನು ನಾನು ಬಹಳ ವರ್ಷ ಚುರುಕುತನ ಎಂದೇ ತಿಳಿದಿದ್ದೆ. ನನ್ನ ಹೆಂಡತಿ ಮದುವೆಯಾದ ವಾರಕ್ಕೇ ಇದಕ್ಕೆ ಬೇರೆ ಹೆಸರಿಟ್ಟಿದ್ದಳು. ಅದನ್ನು ಇಲ್ಲಿ ಬರೆಯುವುದು ಬೇಡ.

ನಾನು ಪಶು ಇಲಾಖೆಯಲ್ಲಿ ಜಾನುವಾರು ಪರೀಕ್ಷಕ. ಡಾಕ್ಟರ್ ಅಲ್ಲ. ಆದರೆ ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ಊರುಗಳಲ್ಲಿ ಕೈಯಲ್ಲಿ ಸೂಜಿ ಹಿಡಿದವರೆಲ್ಲ ಡಾಕ್ಟರೇ. ನಾನು ಮೊದಮೊದಲು 'ನಾನು ಡಾಕ್ಟರ್ ಅಲ್ರಿ' ಎಂದು ತಿದ್ದುತ್ತಿದ್ದೆ. 'ಹಂಗಾರ ಸೂಜಿ ಯಾಕ ಹಿಡಕೊಂಡಿ?' ಎಂದು ಒಬ್ಬಳು ಮುದುಕಿ ಗದರಿದ ಮೇಲೆ ಬಿಟ್ಟುಬಿಟ್ಟೆ.

ಒಂದು ದಿನ ಒಬ್ಬ ರೈತ ಬಂದು, 'ಸಾಹೇಬ್ರ, ನಮ್ಮ ಎಮ್ಮಿ ಹೊಟ್ಟಿ ಉಬ್ಬಿತ್ತಲ್ರಿ...' ಎಂದು ಶುರು ಮಾಡಿದ. ನಾನು ಅಷ್ಟಕ್ಕೇ ಔಷಧದ ಬಾಟಲಿ ಅವನ ಕೈಗಿಟ್ಟು, 'ಬೆಳಿಗ್ಗೆ ಅರ್ಧ, ಸಂಜಿಗೆ ಅರ್ಧ, ನಡಿ' ಎಂದೆ. ಅವನು ಏನೋ ಹೇಳಲು ಬಾಯಿ ಬಿಟ್ಟ; ನಾನು ಗಾಡಿ ಹತ್ತಿದ್ದೆ. ಆಮೇಲೆ ಗೊತ್ತಾಯಿತು, ಅವನ ಎಮ್ಮೆ ನಾಲ್ಕು ದಿನದ ಹಿಂದೆಯೇ ಆರಾಮಾಗಿತ್ತು. ಆ ಖುಷಿಗೆ ನನಗೊಂದು ತಂಬಿಗೆ ಹಾಲು ಕೊಡಲು ಬಂದಿದ್ದ. ಡಾಕ್ಟರು ಹೇಳಿದರಲ್ಲ ಎಂದು ಆ ಭೂಪ ಮನೆಗೆ ಹೋಗಿ ಆರಾಮಿದ್ದ ಎಮ್ಮೆಗೆ ಪೂರ್ತಿ ಬಾಟಲಿ ಕುಡಿಸಿದ್ದಾನೆ. ಎಮ್ಮೆ ಮೂರು ದಿನ ನಿಂತಲ್ಲಿ ನಿಲ್ಲಲಿಲ್ಲ, ಕಟ್ಟಿದ ಗೂಟದ ಸುತ್ತ ಯಾರೂ ಹೋಗುವ ಹಾಗಿರಲಿಲ್ಲ. ಹಾಲೂ ಹೋಯಿತು, ಮರ್ಯಾದೆಯೂ ಹೋಯಿತು. ಆ ಮನೆಯವರು ಮೇಲಿನವರಿಗೆ ಫೋನು ಹಚ್ಚಿದರು. 'ಈ ಡಾಕ್ಟ್ರು ಔಷಧ ಛಲೋ ಕೊಡ್ತಾನ್ರಿ, ಆದ್ರ ಮಾತು ಕೇಳಂಗಿಲ್ಲ' ಎಂಬುದು ದೂರು.

ಹೀಗಾಗಿ ನನ್ನನ್ನು ಕೊಪ್ಪಳಕ್ಕೆ ಒಂದು ತರಬೇತಿಗೆ ಕಳಿಸಿದರು. ಗೋಡೆಗೆ ಕಟ್ಟಿದ ಬ್ಯಾನರಿನ ಮೇಲೆ 'ಯಶಸ್ವಿ ಕೆಲಸಕ್ಕೆ ಆಲಿಸುವ ಮತ್ತು ಸಮಸ್ಯೆ ಬಿಡಿಸುವ ಕೌಶಲ್ಯ' ಎಂದು ಬರೆದಿತ್ತು. ಕಲಿಸಲು ಬಂದಿದ್ದವರು ಇಸ್ತ್ರಿ ಮುರಿಯದ ಅಂಗಿಯ ಒಬ್ಬ ಚೆಂದದ ಮನುಷ್ಯ. ಅವರು ನಮಗೆ ನಾಲ್ಕು ಮಾತು ಹೇಳಿಕೊಟ್ಟರು. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮಧ್ಯೆ ಮಧ್ಯೆ ತಲೆಯಾಡಿಸಬೇಕು. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಬೇಕು. ಇನ್ನು ಸಮಸ್ಯೆಯ ಬೇರು ಸಿಗಬೇಕೆಂದರೆ ಐದು ಸಲ 'ಯಾಕೆ' ಎಂದು ಕೇಳಬೇಕು. ಐದನೆಯ ಉತ್ತರವೇ ನಿಜವಾದ ಕಾರಣವಂತೆ. ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡೆ. ಚಹಾ ಬಿಸ್ಕೀಟು ಚೆನ್ನಾಗಿದ್ದವು.

ಅವತ್ತೇ ಸಂಜೆ ಮನೆಯಲ್ಲಿ ಪ್ರಯೋಗ ಶುರುವಾಯಿತು. ಹೆಂಡತಿ ಅಡುಗೆಮನೆಯಿಂದ, 'ಹಾಲು ಒಡದಾವ' ಎಂದಳು. ನಾನು ಹೋಗಿ ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, 'ಅಂದ್ರ, ಹಾಲು ಒಡದಾವ ಅಂತ ನಿನಗ ಅನಸಾಕತ್ತೈತಿ' ಎಂದೆ.

'ಅನಸೂದು ಎಲ್ಲೀದು? ಒಡದಾವ! ಪಾತೇಲಿ ನೋಡ್ರಿ!'

ನಾನು ತಲೆಯಾಡಿಸಿದೆ. 'ಹಾಲು ಒಡದದ್ದಕ್ಕ ನಿನಗ ಬ್ಯಾಸರ ಆಗೈತಿ.'

ಅವಳು ಸೌಟು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು. 'ಕೊಪ್ಪಳದಾಗ ಏನರ ತಿಂದೀರೇನು?' ಎಂದು ಕೇಳಿದಳು.

ಇರಲಿ. ನಾನು ಹೇಳಬೇಕಾದದ್ದು ಕುರಿಯ ವಿಷಯ.

ನಮ್ಮ ಈ ಒಣ ಸೀಮೆಯ ಕುರಿಗಾರರಲ್ಲಿ ಒಂದು ಪದ್ಧತಿ ಇದೆ: ಕುರಿ ಎಷ್ಟಿವೆ ಎಂದು ಹೇಳುವುದಿಲ್ಲ. ಎಣಿಸುವುದೂ ಇಲ್ಲ, ಬೇರೆಯವರು ಬೆರಳು ಮಾಡಿ ಎಣಿಸಿದರೆ ಸಹಿಸುವುದೂ ಇಲ್ಲ. ದೃಷ್ಟಿಯಾಗುತ್ತದೆ. 'ಎಷ್ಟು ಕುರಿ ಅದಾವ?' ಎಂದರೆ 'ಅದಾವ್ರಿ ನಾಕು' ಎನ್ನುತ್ತಾರೆ. ಆ ನಾಲ್ಕು ಕುರಿ ರಸ್ತೆ ದಾಟಿ ಮುಗಿಯುವುದರೊಳಗೆ ಬಸ್ಸಿನ ಡ್ರೈವರು ಇಳಿದು ಒಂದು ಬೀಡಿ ಸೇದಿರುತ್ತಾನೆ. ನಾನು ಕಾರಟಗಿ ಕಡೆಯವನು. ಚಿಕ್ಕಂದಿನಿಂದ ಕಂಡದ್ದು ಭತ್ತದ ಚೀಲ. ಎಣಿಸಿದರೆ ಚೀಲಕ್ಕೇನೂ ಬೇಸರವಿಲ್ಲ. ಹಾಗಾಗಿ ಈ ಪದ್ಧತಿ ನನ್ನ ತಲೆಯನ್ನು ಮೊಸರುಗಡಿಗೆ ಮಾಡಿಬಿಟ್ಟಿತು.

ಯಾಕೆಂದರೆ ಕುರಿಗೆ ಹಾಕುವ ಸಿಡುಬಿನ ಲಸಿಕೆ ಬಿಡಿಬಿಡಿಯಾಗಿ ಬರುವುದಿಲ್ಲ. ಒಂದು ಬಾಟಲಿ ಎಂದರೆ ನೂರು ಕುರಿಗೆ. ಪುಡಿಗೆ ನೀರು ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು, ಅವರು ನಿಜವಾದ ಡಾಕ್ಟರು, ನನ್ನ ಮೇಲಿನವರು, ಕುರಿಯ ಸಂಖ್ಯೆ ಬರೆದು ಕೊಡದೆ ಒಂದು ಬಾಟಲಿಯನ್ನೂ ಕೊಡುವುದಿಲ್ಲ. ಹೇಳುವವರು ಹೇಳುವುದಿಲ್ಲ, ಕೊಡುವವರು ಕೊಡುವುದಿಲ್ಲ, ನಡುವೆ ನಾನು ಐಸಿನ ಡಬ್ಬಿ ಹೆಗಲಿಗೆ ಹಾಕಿಕೊಂಡು ಅಲೆಯುವುದು.

ನಾನು ಒಂದು ಸೂತ್ರ ಕಂಡುಹಿಡಿದೆ: ಅವರು ಹೇಳಿದ್ದಕ್ಕೆ ಮೂರು ಪಟ್ಟು. ಒಬ್ಬ ಕುರಿಗಾರ ಐವತ್ತು ಎಂದ. ನಾನು ಮನಸ್ಸಿನಲ್ಲೇ ನಕ್ಕು ನೂರೈವತ್ತು ಬರೆದು, ಎರಡು ಬಾಟಲಿ ತಂದು, ಎರಡನ್ನೂ ಒಟ್ಟಿಗೇ ಬೆರೆಸಿ ಹೋದರೆ ಕುರಿ ಕೂಡುವ ದಡ್ಡಿಯಲ್ಲಿ ಐವತ್ತೇ ಕುರಿ! 'ನಾ ಖರೇನ ಹೇಳಿದ್ನೆಲ್ರಿ' ಎಂದ ಪುಣ್ಯಾತ್ಮ. ಇಡೀ ಜಿಲ್ಲೆಯಲ್ಲಿ ನಿಜ ಹೇಳುವ ಒಬ್ಬನೇ ಕುರಿಗಾರ ನನಗೇ ಸಿಗಬೇಕೆ? ಒಂದೂವರೆ ಬಾಟಲಿ ನೆಲಕ್ಕೆ ಚೆಲ್ಲಿದೆ. ತಾಲ್ಲೂಕು ಡಾಕ್ಟರು ನನ್ನನ್ನು ನಿಲ್ಲಿಸಿ ಝಾಡಿಸಿದರು. ಇನ್ನು ಮೇಲೆ ಒಂದು ಬಾಟಲಿ ಹಾಳಾದರೂ ಮೆಮೊ, ಒಂದು ಕುರಿ ಉಳಿದರೂ ಮೆಮೊ ಎಂದರು.

ಇದೆಲ್ಲ ಆದ ಮೇಲೆ ಬಂತು ಒಬ್ಬ ಕುರಿಗಾರ ಅಜ್ಜಿಯ ಹಿಂಡಿನ ಸರದಿ.

ಅಜ್ಜಿಯ ದಡ್ಡಿ ಊರಾಚೆ, ಗುಡ್ಡದ ಬುಡದಲ್ಲಿದೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಹಿಂಡಿನ ಹಿಂದೆ ಅಲೆಯುವವನು ಮಗ. ಆದರೆ ಹಿಂಡು ಅವಳದು. ಒಂದೊಂದು ಮರಿಯನ್ನೂ ಅವಳೇ ಸೆರಗಿನಲ್ಲಿ ಒರೆಸಿ ಸಾಕಿದ್ದು. ಭತ್ತದ ಕೊಯ್ಲು ಮುಗಿದ ಮೇಲೆ ಮಗ ಹಿಂಡು ಹೊಡೆದುಕೊಂಡು ಗಂಗಾವತಿ, ಕಾರಟಗಿ ಕಡೆಗೆ ಇಳಿಯುತ್ತಾನೆ. ಅಲ್ಲಿ ಕೊಯ್ದ ಗದ್ದೆಯಲ್ಲಿ ಮೇವು, ಕಾಲುವೆಯಲ್ಲಿ ನೀರು. ಗೊಬ್ಬರ ಬೀಳುತ್ತದೆಂದು ಹೊಲದವರೂ ಕರೆಯುತ್ತಾರೆ. ಆದರೆ ನಾಲ್ಕೂ ದಿಕ್ಕಿನ ಹಿಂಡು ಅಲ್ಲಿ ಸೇರುವುದರಿಂದ ಬೇನೆಯೂ ಅಲ್ಲಿಯೇ ಸೇರುತ್ತದೆ. ಆ ವರ್ಷ ಕಾಲುವೆ ಸೀಮೆಯಲ್ಲಿ ಸಿಡುಬಿನ ಸುದ್ದಿ ಮೊದಲೇ ಬಂದಿತ್ತು. ಅಜ್ಜಿಯ ಹಿಂಡು ಹೊರಡಲು ಇನ್ನು ಇಪ್ಪತ್ತೇ ದಿನ. ಸೂಜಿ ಹಾಕಿದ ಮೇಲೆ ಮೈಗೆ ಶಕ್ತಿ ಬರಲು ಎರಡು ವಾರ ಬೇಕು. ಅಂದರೆ ಆ ವಾರದೊಳಗೆ ಹಿಂಡಿನ ಕೊನೆಯ ಕುರಿಯವರೆಗೂ ಸೂಜಿ ಬೀಳಬೇಕು.

ಹಿಂದಿನ ವರ್ಷ ಕೂಡ ನಾನೇ ಅಲ್ಲಿ ಸೂಜಿ ಹಾಕಿದ್ದೆ. ಅಜ್ಜಿ 'ಒಂದ್ನೂರು ಇರಬೋದು' ಎಂದಿದ್ದಳು, ನಾನು ಒಂದು ಬಾಟಲಿ ಒಯ್ದಿದ್ದೆ. ಬಾಟಲಿ ಮುಗಿದಾಗ ಹಿಂದೆ ಇನ್ನೂ ಒಂದಿಷ್ಟು ಕುರಿ ನಿಂತಿದ್ದವು. ನನಗೆ ಕುಷ್ಟಗಿಯಲ್ಲಿ ಮೀಟಿಂಗು. 'ಮುಂದಿನ ವಾರ ಬರ್ತೀನಿ' ಎಂದು ಗಾಡಿ ಹತ್ತಿದೆ. ಅಜ್ಜಿ ದಾರಿಯವರೆಗೂ ಕೈ ಬೀಸುತ್ತ ಬಂದಳು. ಎಷ್ಟು ಅಕ್ಕರೆ ನೋಡು ಎಂದುಕೊಂಡು ನಾನೂ ಕೈ ಬೀಸಿದೆ. ಮುಂದಿನ ವಾರ ಬೇರೆ ಊರಲ್ಲಿ ಕಾಲುಬಾಯಿ ಬೇನೆ ಎದ್ದಿತು. ನಾನು ಹೋಗುವುದರೊಳಗೆ ಹಿಂಡು ಕಾಲುವೆ ಕಡೆಗೆ ಹೊರಟುಹೋಗಿತ್ತು. ಅದನ್ನು ನಾನು ಅಲ್ಲಿಗೇ ಮರೆತೆ.

ಈ ಸಲ ತರಬೇತಿಯಾದ ಮನುಷ್ಯ. ಬಾಟಲಿ ಎರಡು ಬೇಕೋ ಮೂರು ಬೇಕೋ, ಗಟ್ಟಿ ಸಂಖ್ಯೆ ಸಿಗುವವರೆಗೆ ಬಿಡಬಾರದೆಂದು ಹೋದೆ. ಅಜ್ಜಿ ದಡ್ಡಿಯ ಮುಂದೆ ಕುಳಿತು ಹಗ್ಗ ಹೊಸೆಯುತ್ತಿದ್ದಳು.

'ಬಾರಪಾ ಡಾಕ್ಟ್ರ. ಕುರಿ ಮೇಯಾಕ ಹೋಗ್ಯಾವ' ಎಂದಳು.

ನಾನು ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು, 'ಅಂದ್ರ, ಕುರಿ ಮೇಯಾಕ ಹೋಗ್ಯಾವು ಅಂತ ಹೇಳಾಕತ್ತಿ' ಎಂದೆ.

'ಹೌದಪಾ.'

'ಈಗ ಇಲ್ಲಿ ಇಲ್ಲ ಅಂತ ಆತು.'

'ಮೇಯಾಕ ಹೋದಮ್ಯಾಲೆ ಇಲ್ಲೆಂಗ ಇರ್ತಾವು?' ಅಜ್ಜಿ ಹಗ್ಗ ಬಿಟ್ಟು ನನ್ನನ್ನು ಕನಿಕರದಿಂದ ನೋಡಿದಳು. 'ಕಿವಿ ಮಂದ ಆಗ್ಯಾವೇನು ತಮ್ಮಾ? ಬೆಳ್ಳುಳ್ಳಿ ಎಣ್ಣಿ ಕಾಸಿ ಬಿಟ್ಕೋ.'

ತಲೆಯಾಡಿಸಿದೆ. ನಾನು ತಲೆಯಾಡಿಸುವುದನ್ನೂ ದುರುಗುಟ್ಟಿ ನೋಡುವುದನ್ನೂ ಅಜ್ಜಿಯ ನಾಯಿ ಅಷ್ಟು ಹೊತ್ತು ಸಹಿಸಿತ್ತು. ಈಗ ಎದ್ದು ನಿಂತು ಗುರ್ ಎಂದಿತು. ನಾನು ಕಣ್ಣಿಡುವುದನ್ನು ಬಿಟ್ಟು ಐದು ಸಲ ಯಾಕೆ ಎಂದು ಕೇಳುವುದಕ್ಕೆ ಇಳಿದೆ.

'ಯವ್ವಾ, ಕುರಿ ಎಷ್ಟು ಅಂತ ಯಾಕ ಹೇಳಂಗಿಲ್ಲ?'

'ಹೇಳಬಾರದು.'

'ಯಾಕ?'

'ದೃಷ್ಟಿ ಆಗತೈತಿ.'

'ಯಾಕ ಆಗತೈತಿ?'

'ಮಂದಿಗೆ ಕಣ್ಣು ಇರ್ತಾವಲ್ಲ.'

'ಯಾಕ—' ಎಂದೆ. ಮುಂದೆ ಏನು ಕೇಳಬೇಕೋ ನನಗೇ ತಿಳಿಯಲಿಲ್ಲ.

'ನಿನಗ ಮದುವಿ ಆಗೈತೇನಪಾ?' ಎಂದು ಅಜ್ಜಿಯೇ ಐದನೆಯ ಪ್ರಶ್ನೆ ಕೇಳಿದಳು. ಆಗಿದೆ ಎಂದೆ. 'ಆಕಿಗೆ ಹೆಂಗ ಬಾಳೇವು ಆಗಬೇಕ ಪಾಪ' ಎಂದು ಮತ್ತೆ ಹಗ್ಗ ಹಿಡಿದಳು. ನನ್ನ ಪಿತ್ತ ನೆತ್ತಿಗೇರಿತು. 'ನಿನ್ನ ಕುರಿ ಉಳಸಾಕ ಬಂದೀನಿ, ನನ್ನ ಸಂಸಾರ ತಗೊಂಡು ಏನ್ ಮಾಡ್ತಿ?' ಎಂದು ಕೂಗಿ ಎದ್ದು ಬಂದೆ. ತರಬೇತಿ ಅಲ್ಲಿಗೆ ಮುಗಿಯಿತು.

ಮರುದಿನ ಹಿಂಡು ಗುಡ್ಡದ ಮೇಲಿದ್ದಾಗ ದೂರದಿಂದ ಎಣಿಸಲು ಹೋದೆ. ನನ್ನ ಬೆರಳು ಗಾಳಿಯಲ್ಲಿ ಆಡುವುದು ಮಗನ ಕಣ್ಣಿಗೆ ಬಿತ್ತು. ಅವನು ಇಡೀ ಹಿಂಡನ್ನು ಗುಡ್ಡದ ಆಚೆ ಇಳಿಸಿಬಿಟ್ಟ.

ಅದರ ಮರುದಿನ ಬೇರೆ ಉಪಾಯ ಮಾಡಿದೆ. ಸಂಜೆ ಹಿಂಡು ಬಂದಾಗ ಮರಿಗಳನ್ನು ತಾಯಿಗಳಿಗೆ ಬಿಡುತ್ತಾರೆ. ಅಜ್ಜಿ ದಡ್ಡಿಯ ಬಾಯಲ್ಲಿ ನಿಂತು ಒಂದೊಂದು ಕುರಿಯನ್ನೂ ಕರೆದು, ಮಾತಾಡಿಸಿ, ಒಳಗೆ ಬಿಡುತ್ತಾಳೆ. ಬೆರಳು ಬೇಡ, ಬಾಯಿ ಬೇಡ. ಎಡಗಡೆ ಜೇಬಿನ ತುಂಬ ಹುರಿದ ಶೇಂಗಾ ಹಾಕಿಕೊಂಡು ಹೋದೆ. ಒಂದು ಕುರಿ ಒಳಗೆ ಹೋದರೆ ಒಂದು ಶೇಂಗಾ ಬಲಗಡೆ ಜೇಬಿಗೆ. ಮನೆಗೆ ಹೋಗಿ ಬಲಗಡೆಯದನ್ನು ಎಣಿಸಿದರಾಯಿತು. ನನ್ನ ಬುದ್ಧಿಗೆ ನಾನೇ ಬೆರಗಾದೆ. ಕೊಪ್ಪಳದ ಆ ಮನುಷ್ಯನಿಗೂ ಇದು ಹೊಳೆಯುತ್ತಿರಲಿಲ್ಲ.

ಅಜ್ಜಿ ಶುರು ಮಾಡಿದಳು. 'ಬಾ ನಮ್ಮವ್ವಾ ಕೆಂದಿ, ಕಾಲು ಕುಂಟಾಕತ್ತಿದ್ಯೆಲ್ಲ, ಮುಳ್ಳು ತಗದ್ನೇನು ನಿನ್ನ ಮಾಲೀಕ? ಬಾ, ಬೋಳಿ. ನಿನ್ನ ಮಗಳು ನೋಡು, ಆಗಲೇ ಹೊಟ್ಟಿ ಹಸದು ಒದರಾಕತ್ತಾಳ...' ಒಂದೊಂದಕ್ಕೂ ಒಂದು ಕಥೆ. ಯಾವುದರ ಅಜ್ಜಿ ಯಾವುದು, ಯಾವುದು ಯಾವ ಮಳೆಯಲ್ಲಿ ಹುಟ್ಟಿದ್ದು, ಯಾವುದು ಯಾರ ಹಿತ್ತಿಲು ಮೇಯ್ದು ಬೈಗುಳ ತಿಂದದ್ದು. ನಾನು ಶೇಂಗಾ ದಾಟಿಸುತ್ತ ಕೇಳುತ್ತ ನಿಂತೆ. ಅದರಲ್ಲೊಂದು ಮೊಂಡ ಟಗರು ಸೊಸೈಟಿ ಕಟ್ಟೆ ಹತ್ತಿ ಅಕ್ಕಿ ತಿಂದ ಕಥೆಗೆ ನಾನು ಬಿದ್ದು ಬಿದ್ದು ನಕ್ಕೆ. ಮನೆಗೆ ಬಂದು ಬಲಜೇಬಿಗೆ ಕೈ ಹಾಕಿದರೆ ಸಿಕ್ಕದ್ದು ಹನ್ನೊಂದು ಶೇಂಗಾ ಮತ್ತು ಒಂದು ಮುಷ್ಟಿ ಸಿಪ್ಪೆ. ಕಥೆ ಕೇಳುವ ಗುಂಗಿನಲ್ಲಿ ಲೆಕ್ಕವನ್ನೆಲ್ಲ ನಾನೇ ತಿಂದುಬಿಟ್ಟಿದ್ದೆ.

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಹೇಳಿದಳು: 'ಕುರಿ ಲೆಕ್ಕ ಕೇಳಾಕ ಹೋಗಬ್ಯಾಡ್ರಿ. ಆ ಮುದುಕಿ ಏನ್ ಹೇಳ್ತಾಳ ಅದನ್ನ ಒಂದ್ಸಲ ಕೇಳಿ ಬರ್ರಿ.' ಅದು ಉಪದೇಶವೋ ಸಿಟ್ಟೋ ನನಗೆ ತಿಳಿಯಲಿಲ್ಲ.

ಮರುದಿನ ಕಡೆಯ ದಿನ. ಸಂಜೆಯೊಳಗೆ ಸಂಖ್ಯೆ ತಾಲ್ಲೂಕಿಗೆ ಹೋಗಬೇಕು. ನಾನು ಸೋತು ಸುಣ್ಣವಾಗಿ ಹೋಗಿ ಅಜ್ಜಿಯ ಪಕ್ಕ ಕೂತೆ. ಎದುರಿಗಲ್ಲ, ಪಕ್ಕಕ್ಕೆ. ಕೇಳಲು ನನ್ನ ಹತ್ತಿರ ಯಾವ ಪ್ರಶ್ನೆಯೂ ಉಳಿದಿರಲಿಲ್ಲ. ಅಜ್ಜಿ ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಎಳೆದು ಹಿಡಿದುಕೊಂಡೆ. ಅವಳು ಹೊಸೆಯುತ್ತ ಹೋದಳು. ನಾನು ಹುಟ್ಟಿದಾಗಿನಿಂದ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲಿರಬೇಕು.

ಬಹಳ ಹೊತ್ತಿನ ಮೇಲೆ ಅಜ್ಜಿ ತಾನಾಗಿಯೇ ಅಂದಳು: 'ಹೋದ ವರ್ಷ ನೀ ಹೋದ್ಯೆಲ್ಲ ತಮ್ಮಾ. ನಾ ನಿನ್ನ ಗಾಡಿ ಹಿಂದ ಓಡಿ ಬಂದ್ನಿ.'

'ಹೌದು ಯವ್ವಾ, ಕೈ ಮಾಡಿದ್ಯೆಲ್ಲ.'

'ನಿಲ್ಲು ಅಂತ ಮಾಡಿದ್ನೆಪಾ. ಇನ್ನೂ ಉಳದಾವ, ಅವನ್ನ ಹಂಗ ಕಾಲುವಿಗೆ ಕಳಸಲ್ಯೋ ಬ್ಯಾಡೋ ಅಂತ ಕೇಳಾಕ. ನೀನೂ ಕೈ ಮಾಡಿ ಹೋಗಿಬಿಟ್ಟಿ. ಡಾಕ್ಟ್ರು ಹೋಗ್ಲಿ ಅಂದ್ರು ಅಂತ ತಿಳಕೊಂಡು ಕಳಿಸಿದ್ನಿ.'

ಹಗ್ಗ ನನ್ನ ಕೈಯಲ್ಲಿ ಸಡಿಲಾಯಿತು. 'ಬಿಗಿ ಹಿಡಿ' ಎಂದಳು. ಹಿಡಿದೆ.

'ಕಾರಟಗಿ ಆಚೆ ಸಿಡುಬು ಹತ್ತಿತು. ಸೂಜಿ ಬಿದ್ದವಕ್ಕ ಏನೂ ಆಗಲಿಲ್ಲ. ಉಳದವರಾಗ ಹತ್ತೊಂಬತ್ತು ಹೋದ್ವು.'

ಹತ್ತೊಂಬತ್ತು. ಒಂದು ಸಂಖ್ಯೆಗಾಗಿ ನಾನು ಕಣ್ಣಿಟ್ಟಿದ್ದೆ, ತಲೆಯಾಡಿಸಿದ್ದೆ, ಗುಡ್ಡ ಹತ್ತಿದ್ದೆ, ಶೇಂಗಾ ತಿಂದಿದ್ದೆ. ಈಗ ಕೇಳದೆಯೇ ಬಂದಿತ್ತು. ನನ್ನ ಬಾಯಿಂದ ಹೊರಟ ಮಾತು ಎಂಥದ್ದು ನೋಡಿ: 'ಎಣಿಸಬಾರದು ಅಂತಿದ್ಯೆಲ್ಲ ಯವ್ವಾ?'

'ಜೀವ ಇದ್ದವನ್ನ ಎಣಿಸಬಾರದಪಾ. ಸತ್ತವಕ್ಕ ಇನ್ಯಾರ ಕಣ್ಣು ಬೀಳತಾವು?'

ಅವಳು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು, ನಾನೂ ತಿರುಗಿ ಕೂಗಾಡಿ ಹಗುರಾಗುತ್ತಿದ್ದೆ. 'ತಪ್ಪು ನಂದೂ ಐತಿ. ಒಂದ್ನೂರು ಅಂತ ಸುಳ್ಳ ಹೇಳಿದ್ನಿ' ಎಂದಳು. ಆ ವರ್ಷದ ನನ್ನ ವರದಿ ನೆನಪಾಯಿತು. ಗುರಿ ನೂರು, ಸಾಧನೆ ನೂರು ಎಂದು ಬರೆದಿದ್ದೆ. ಮೇಲಿನವರು ಶಭಾಷ್ ಎಂದಿದ್ದರು. ಒಂದು ವರ್ಷದಲ್ಲಿ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೆ! ಒಂದು ಸಲವೂ ಗಾಡಿ ನಿಲ್ಲಿಸಿ, ಕುರಿ ಹೇಗಿವೆ ಯವ್ವಾ ಎಂದು ಕೇಳಿರಲಿಲ್ಲ. ಎಷ್ಟಿವೆ ಎಂದು ಕೇಳಲಷ್ಟೇ ಹೋಗಿದ್ದೆ.

'ಯವ್ವಾ, ಕುರಿ ಸುದ್ದಿ ಬಿಡು. ಔಷಧ ಎಷ್ಟು ತರಲಿ ಹೇಳು' ಎಂದೆ. ಬೇರೇನು ಹೇಳಬೇಕೋ ತೋಚದೆ ಬಂದ ಮಾತು ಅದು.

ಅಜ್ಜಿ ಹೊಸೆಯುವುದನ್ನು ನಿಲ್ಲಿಸಿ ಒಂದು ಗಳಿಗೆ ಯೋಚಿಸಿದಳು. 'ಹೋದ ವರ್ಷ ಬಾಟ್ಲಿ ತೀರಿದಾಗ ಕಡೀಕೆ ಸೂಜಿ ಬಿದ್ದದ್ದು ಕಿವಿಮುರುಕಿಗೆ. ಅದರ ಹಿಂದಿನವು ಉಳದಿದ್ದು. ಅದರಾಗ ಹೋದವು ಹೋದ್ವು, ಮಗ ಎಂಟು ಮಾರ್‍ಯಾನ, ಮರಿ ದೊಡ್ಡವಾಗ್ಯಾವ...' ಬೆರಳು ಮಡಚಲಿಲ್ಲ, ತುಟಿ ಅಲುಗಿಸಲಿಲ್ಲ. 'ಪೌಣೆ ಎರಡು ಬಾಟ್ಲಿ ಬೇಕು ನೋಡು. ಎರಡು ತಂದ್ರ ಎರಡ್ನೇದರಾಗ ಪಾವು ಉಳೀತೈತಿ.'

ನಾನು ದಂಗಾಗಿ ಕೂತೆ. 'ಯವ್ವಾ, ಇದು ಎಣಿಸಿದಂಗ ಆಗಲಿಲ್ಲೇನು?'

'ಬಾಟ್ಲಿ ಎಣಿಸಿದ್ರ ಏನಾಗತೈತಿ?' ಎಂದಳು ಅಜ್ಜಿ. 'ಬಾಟ್ಲಿಗೆ ದೃಷ್ಟಿ ತಾಗತೈತೇನು ಹುಚ್ಚಪ್ಪಾ? ನೀ ಮೊದಲ ಬಾಟ್ಲಿ ಎಷ್ಟು ಅಂತ ಕೇಳಬೇಕಿಲ್ಲೋ!'

ಸಂಜೆ ತಾಲ್ಲೂಕು ಡಾಕ್ಟರ ಮುಂದೆ ನಿಂತೆ. 'ಎಷ್ಟು ಕುರಿ?' ಎಂದು ಕೇಳಿದರು. ಅಜ್ಜಿಯ ಗುಂಗಿನಲ್ಲಿದ್ದ ನಾನು, 'ಪೌಣೆ ಎರಡು ಬಾಟ್ಲಿ ಕುರಿ ಸರ್' ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಹತ್ತೊಂಬತ್ತನ್ನೂ ಹೇಳಿದೆ. ಮೆಮೊ ಕೊಡುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತಿರುಗಿ ಹಾಕಿಕೊಂಡು, 'ನೂರಾ ಎಪ್ಪತ್ತೈದು ಅಂತ ಬರಿ. ಇನ್ನ ಮುಂದ ಎಲ್ಲಾರಿಗೂ ಹಂಗ ಕೇಳು' ಎಂದರು. ಎರಡು ಬಾಟಲಿ ಕೊಟ್ಟರು.

ಸೂಜಿ ಹಾಕುವ ದಿನ ನಸುಕಿಗೇ ಹೋದೆ. ಮಗ ಒಂದೊಂದನ್ನೇ ಹಿಡಿದುಕೊಟ್ಟ, ನಾನು ಸೂಜಿ ಹಾಕಿ ಬೆನ್ನಿಗೆ ನೀಲಿ ಬಣ್ಣ ಬಳಿದೆ, ಅಜ್ಜಿ ಒಂದೊಂದಕ್ಕೂ ಸಮಾಧಾನ ಹೇಳಿದಳು. ನನಗೂ ಹೇಳಿದಳು, ನಾನು ಅಷ್ಟು ಅವಸರ ಮಾಡುತ್ತಿದ್ದೆ. ಮೊದಲನೆಯ ಬಾಟಲಿ ಮುಗಿದ ಮೇಲೆಯೇ ಎರಡನೆಯದನ್ನು ಬೆರೆಸಿದೆ. ಕೊನೆಯ ಮರಿಗೆ ಸೂಜಿ ಬಿದ್ದಾಗ ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದೆ. ತಳದಲ್ಲಿ ಪಾವು, ಅಂದರೆ ಕಾಲು ಬಾಟಲಿಯಷ್ಟು ಉಳಿದಿತ್ತು. ಅಜ್ಜಿ ಬಾಟಲಿಯ ಕಡೆ ನೋಡಲೂ ಇಲ್ಲ. ದಡ್ಡಿಯ ಮೂಲೆ ಮೂಲೆಗೆ ಹೋಗಿ, ನೀಲಿ ಬಣ್ಣವಿಲ್ಲದ ಬೆನ್ನು ಎಲ್ಲಾದರೂ ಇದೆಯೇ ಎಂದು ಎರಡು ಸುತ್ತು ನೋಡಿ ಬಂದಳು. ಆಮೇಲೆಯೇ ನನಗೆ ಗಾಡಿ ಹತ್ತಲು ಬಿಟ್ಟಳು.

ಹಿಂಡು ಹೊರಟಿತು. ನನ್ನ ನೆಮ್ಮದಿಯೂ ಅದರ ಹಿಂದೆಯೇ ಹೊರಟಿತು. ಕಾರಟಗಿಯಿಂದ ನನ್ನ ಅಣ್ಣ ಫೋನು ಮಾಡಿದಾಗಲೆಲ್ಲ, 'ಕುರಿಗೆ ಸಿಡುಬು ಐತೇನು ಅಲ್ಲೆ?' ಎಂದು ಕೇಳುತ್ತಿದ್ದೆ. ಅವ್ವನ ಮಂಡಿನೋವಿನ ಸುದ್ದಿ ಹೇಳಲು ಫೋನು ಮಾಡಿದವನಿಗೆ ತಲೆ ಕೆಟ್ಟುಹೋಗುತ್ತಿತ್ತು. ಒಂದು ದಿನ ಅವನು, 'ಹೌದಪಾ, ಎದ್ದೈತಿ. ಕಾಲುವಿ ದಂಡಿಗೆ ಎರಡು ಹಿಂಡಿನಾಗ ಹತ್ತೈತಿ' ಎಂದ. ಯಾರ ಹಿಂಡು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ. ಐಸು ಸರಿ ಇತ್ತೇ, ಸೂಜಿ ತೊಗಲಿನೊಳಗೆ ಸರಿಯಾಗಿ ಇಳಿದಿತ್ತೇ, ಅವಸರದಲ್ಲಿ ಯಾವುದಕ್ಕಾದರೂ ಬರೀ ಬಣ್ಣ ಬಳಿದೆನೇ ಎಂದು ಕೂತಲ್ಲಿ ನಿಂತಲ್ಲಿ ಅದೇ ಧ್ಯಾನ. ಹೆಂಡತಿ, 'ಕುರಿ ಬರೂತನಕ ನಿಮ್ಮನ್ನ ದಡ್ಡ್ಯಾಗ ಬಿಟ್ಟು ಬರ್ತೀನಿ' ಎಂದು ಹೆದರಿಸಿದಳು.

ಮುಂಗಾರಿಗೆ ಮುಂಚೆ ಹಿಂಡು ತಿರುಗಿ ಬಂತೆಂದು ಯಾರೋ ಹೇಳಿದರು. ಕೈಯಲ್ಲಿದ್ದ ಕೆಲಸ ಬಿಟ್ಟು ಗಾಡಿ ಹತ್ತಿದೆ. ದಡ್ಡಿಯ ತುಂಬ ಕುರಿ, ಧೂಳು, ಮರಿಗಳ ಅರಚಾಟ. ಹಿಂಡು ದೊಡ್ಡದಾಗಿ ಕಂಡಿತು, ಮರುಗಳಿಗೆ ಸಣ್ಣದಾಗಿ ಕಂಡಿತು. ನೋಡಿ ಏನೂ ತಿಳಿಯುವಂತಿರಲಿಲ್ಲ. ಮಗ ಒಂದು ಕಡೆ ಕಂಬಳಿ ಹೊದ್ದು ಮಲಗಿದ್ದ. ಅಜ್ಜಿ ಒಂದು ಮರಿಯನ್ನು ಸೆರಗಿನಲ್ಲಿ ಒರೆಸುತ್ತ ನಿಂತಿದ್ದಳು. ಕೇಳಬೇಕೆಂದು ದಾರಿಯುದ್ದಕ್ಕೂ ಒಂದು ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬದುಕಿದ್ದು ಎಷ್ಟು ಎಂದು ಕೇಳುವ ಹಾಗಿಲ್ಲ. ಸತ್ತದ್ದು ಎಷ್ಟು ಎಂದು ಕೇಳಬಹುದು, ಅದಕ್ಕೆ ಅವಳು ಥಟ್ಟನೆ ಉತ್ತರ ಹೇಳುತ್ತಾಳೆ; ಆ ಉತ್ತರಕ್ಕೇ ನನಗೆ ಹೆದರಿಕೆ. ಬಾಯಿಬಡುಕನಾದ ನಾನು ಕಂಬದ ಹಾಗೆ ನಿಂತುಬಿಟ್ಟೆ.

ಅಜ್ಜಿ ನನ್ನ ಮುಖ ನೋಡಿದಳು. ಮರಿಯನ್ನು ಅದರ ತಾಯಿಯ ಹತ್ತಿರ ಬಿಟ್ಟು, ಸೆರಗು ಝಾಡಿಸಿಕೊಂಡು ಬಂದಳು.

'ಈ ಸಲ ಎಣಿಸಾಕ ಏನೂ ಇಲ್ಲಪಾ' ಎಂದಳು.